ಮಿಲ್ ರೋಲರ್ ಶಾಫ್ಟ್ ಇನ್ನೆಷ್ಟು ಹಂಗಾಮು ತಾಳತೈತಿ? ಅಲ್ಟ್ರಾಸಾನಿಕ್ ವರದಿಯಿಂದ ಆಯುಷ್ಯ ಹೇಳಬಹುದಾ?

ಘಟಪ್ರಭಾ_ಫಿಟ್ಟರ್ · ಜೂನ್ 9

ಎಲ್ಲರಿಗೂ ನಮಸ್ಕಾರ್ರಿ. ಬಾಗಲಕೋಟೆ ಜಿಲ್ಲೆಯೊಳಗ ಒಂದು ಸಕ್ಕರೆ ಕಾರ್ಖಾನಿ ಮಿಲ್ ಹೌಸಿನ ಮೇಂಟೆನನ್ಸ್ ನೋಡ್ಕೋತೀನಿ. ಹತ್ತೊಂಬತ್ತು ವರ್ಷ ಆತು ಈ ಕೆಲಸಕ್ಕ.

ಹೋದ ಜನವರಿಯೊಳಗ ನಮ್ಮ ಮೂರನೇ ಮಿಲ್ಲಿನ ಟಾಪ್ ರೋಲರ್ (ಕಬ್ಬು ಅರಿಯೂ ಮ್ಯಾಲಿನ ಉರುಳಿ) ಶಾಫ್ಟು ನಡುರಾತ್ರಿ ತುಂಡಾತು. ಹಂಗಾಮು ಸುರು ಆಗಿ 75 ದಿನ ಆಗಿತ್ತು. ಡ್ರೈವ್ ಕಡಿ ಜರ್ನಲ್ (ಬೇರಿಂಗಿನ್ಯಾಗ ಕೂಡೂ ಭಾಗ) ಮುಗಿದು ಶೆಲ್ (ಮ್ಯಾಲಿನ ಎರಕದ ಕವಚ) ಸುರು ಆಗೂ ಮೂಲ್ಯಾಗ, ಫಿಲೆಟ್ ಅಂತ ದುಂಡನ ತಿರುವು ಇರತೈತಲ್ಲ, ಅಲ್ಲೇ. ಆ ಸಪ್ಪಳ ಬಾಯ್ಲರ್ ಕಡಿ ಮಂದಿಗೂ ಕೇಳಿತಂತ. ಯಾರಿಗೂ ಏನೂ ಆಗಲಿಲ್ಲ, ಅದೊಂದು ದೇವರ ದಯೆ. ಬ್ಯಾರೆ ರೋಲರ್ ಕೂಡಿಸಿ ಮಿಲ್ ಮತ್ತ ತಿರುಗಾಕ 11 ದಿನ ಹಿಡೀತು.

ನನಗ ನಿದ್ದಿ ಕೆಡಿಸಿದ್ದು ಬ್ಯಾರೆ ಮಾತು. ಹಂಗಾಮಿನ ಮುಂಚೆ, ಸೆಪ್ಟೆಂಬರಿನ್ಯಾಗ, ಎಲ್ಲಾ ಶಾಫ್ಟಿಗೂ ಅಲ್ಟ್ರಾಸಾನಿಕ್ ಪರೀಕ್ಷೆ (ಶಬ್ದದ ಅಲೆ ಬಿಟ್ಟು ಒಳಗಿನ ಸೀಳು ಹುಡುಕೂದು) ಮಾಡಿಸಿದ್ವಿ. ಈ ಶಾಫ್ಟಿನ ವರದಿಯೊಳಗ 'ಗಣನೀಯ ಸೂಚನೆ ಇಲ್ಲ, ಬಳಕೆಗೆ ಯೋಗ್ಯ' ಅಂತ ಬರದಿತ್ತು. ಈಗ ಆಡಳಿತದವರು ಕೇಳಾಕತ್ತಾರ: ಉಳಿದ ಶಾಫ್ಟು ಇನ್ನ ಎಷ್ಟು ಹಂಗಾಮು ಬರ್ತಾವು, ಬರದು ಕೊಡ್ರಿ ಅಂತ. ನಾ ಏನಂತ ಬರೀಲಿ? ಪರೀಕ್ಷೆ ಮಾಡಿ ಆಯುಷ್ಯ ಹೇಳೂ ದಾರಿ ಖರೇನ ಐತೇನು?

ಲೆಕ್ಕಕ್ಕ ಬೇಕಾದ್ರ: 36 × 72 ಇಂಚಿನ ಮಿಲ್, ಜರ್ನಲ್ 18 ಇಂಚು, ಮಿನಿಟಿಗೆ 5 ಸುತ್ತು, ಹಂಗಾಮು ಸುಮಾರು 150 ದಿನ.


ಉದ್ಯಮಬಾಗ_ಯುಟಿ · ಜೂನ್ 9

ನಾನು ಬೆಳಗಾವಿಯವ. ಉದ್ಯಮಬಾಗದ ಫೌಂಡ್ರಿ, ಫೋರ್ಜಿಂಗ್ ಶಾಪ್‌ಗಳಿಗೆ ಹದಿನಾಲ್ಕು ವರ್ಷದಿಂದ ಅಲ್ಟ್ರಾಸಾನಿಕ್, ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ ಮಾಡ್ತೇನೆ. ಪ್ರತಿ ವರ್ಷ ಜೂನ್‌ನಿಂದ ಅಕ್ಟೋಬರ್ ತನಕ ಸಕ್ಕರೆ ಕಾರ್ಖಾನೆಗಳ ಶಾಫ್ಟೇ ಹೆಚ್ಚು.

ಮೊದಲು ಒಂದೇ ಪ್ರಶ್ನೆ. ಪರೀಕ್ಷೆ ಮಾಡಿದವರು ಪ್ರೋಬ್ (ಶಬ್ದ ಬಿಟ್ಟು ಅದರ ಎಕೋ ಹಿಡಿಯುವ ಬಿಲ್ಲೆ) ಎಲ್ಲಿಟ್ಟಿದ್ದರು? ಶಾಫ್ಟಿನ ಎರಡೂ ಕೊನೆಯಿಂದ ನೋಡಿದರಾ, ಒಂದೇ ಕಡೆಯಿಂದಾ? ಜರ್ನಲ್ ಮೇಲಿನಿಂದ, ಓರೆಯಾಗಿ ಶಬ್ದ ಬಿಡುವ ಆ್ಯಂಗಲ್ ಪ್ರೋಬ್ ಹಾಕಿದ್ದರಾ?


ಘಟಪ್ರಭಾ_ಫಿಟ್ಟರ್ · ಜೂನ್ 9

ಒಂದ ಕಡಿಯಿಂದ್ರಿ. ಡ್ರೈವ್ ಕಡಿ ಕಪ್ಲಿಂಗ್ ಬಿಚ್ಚಿರಲಿಲ್ಲ. ಬಾಲದ ಕಡಿಯಿಂದ ಪ್ರೋಬ್ ಇಟ್ಟು ಸ್ಕ್ರೀನ್ ಮ್ಯಾಲೆ ಆ ಕಡಿ ಕೊನಿಗೆ ಬಡದು ಬರೂ ಎಕೋ ಚಲೋ ಬಂತು ಅಂತ ತೋರಿಸಿದ್ರು. ಬೇರಿಂಗ್ ಬಿಚ್ಚಿರಲಿಲ್ಲ, ಹಿಂಗಾಗಿ ಜರ್ನಲ್ ಮ್ಯಾಲೆ ಏನೂ ಮಾಡ್ಲಿಲ್ಲ.


ಉದ್ಯಮಬಾಗ_ಯುಟಿ · ಜೂನ್ 10

ಹಾಗಾದರೆ ನಿಮ್ಮ ಶಾಫ್ಟಿನ ಆ ಜಾಗ ಪರೀಕ್ಷೆಯೇ ಆಗಿಲ್ಲ. ವಿವರವಾಗಿ ಬರೆಯುತ್ತೇನೆ, ಬೇರೆ ಕಾರ್ಖಾನೆಯವರಿಗೂ ಬೇಕಾದ ಮಾತು ಇದು.

ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5,900 ಮೀಟರ್ ಓಡುತ್ತದೆ. 2 ಮೆಗಾಹರ್ಟ್ಸ್ ಪ್ರೋಬ್ ಇಟ್ಟರೆ ಅಲೆಯ ಉದ್ದ 3 ಮಿಮೀ ಹತ್ತಿರ. ಆದರೆ ಕಿರಣ ನೇರವಾಗಿ ದಾರದಂತೆ ಹೋಗುವುದಿಲ್ಲ, ಬ್ಯಾಟರಿ ಬೆಳಕಿನಂತೆ ಅಗಲ ಆಗುತ್ತಾ ಹೋಗುತ್ತದೆ. 24 ಮಿಮೀ ಪ್ರೋಬ್‌ಗೆ ಒಂದೊಂದು ಬದಿಗೆ ಎಂಟೂವರೆ ಡಿಗ್ರಿ ಹರಡುವಿಕೆ. ಮೂರೂವರೆ ಮೀಟರ್ ದೂರ ಹೋಗುವಷ್ಟರಲ್ಲಿ ನಡುಗೆರೆಯಿಂದ ಅತ್ತಿತ್ತ ಅರ್ಧ ಮೀಟರ್ ಹರಡಿರುತ್ತದೆ. ನಿಮ್ಮ ಜರ್ನಲ್ ದಪ್ಪವೇ 457 ಮಿಮೀ! ಅಂದರೆ ಕಿರಣ ದಾರಿಯಲ್ಲೇ ಪಕ್ಕದ ಗೋಡೆಗೆ ಬಡಿದು, ಬೇರೆ ರೂಪದ ಅಲೆಯಾಗಿ, ಸುಳ್ಳು ಎಕೋಗಳನ್ನು ಹುಟ್ಟಿಸುತ್ತದೆ. ಜೊತೆಗೆ ಬಿಸಿ ಮಾಡಿ ಕೂಡಿಸಿದ ಎರಕದ ಶೆಲ್ಲಿನ ಅಂಚೂ ಒಂದು ಎಕೋ ಕೊಡುತ್ತದೆ. ಈ ಗದ್ದಲದಲ್ಲಿ ಆ ತುದಿಯ ಫಿಲೆಟ್ಟಿನ ಬಿರುಕು ಹೇಗೆ ಕಾಣಬೇಕು?

ಕೊನೆಯ ಎಕೋ ಚೆನ್ನಾಗಿ ಬಂದರೆ ಶಾಫ್ಟು ಸರಿ ಎನ್ನುವುದು ದೊಡ್ಡ ತಪ್ಪು. ಬಿರುಕು ಅಂಚಿನಲ್ಲಿದ್ದರೆ ನಡುವಿನಿಂದ ಸಾಕಷ್ಟು ಶಬ್ದ ಹೋಗಿ ಬರುತ್ತದೆ.

ಸರಿಯಾದ ಕ್ರಮ ಇದು: ಕಪ್ಲಿಂಗ್ ಬಿಚ್ಚಿ ಎರಡೂ ಕೊನೆಯಿಂದ ನೋಡಬೇಕು. ಬೇರಿಂಗ್ ಎತ್ತಿ ಜರ್ನಲ್ ಮೇಲಿನಿಂದ ಆ್ಯಂಗಲ್ ಪ್ರೋಬ್‌ನಲ್ಲಿ ಫಿಲೆಟ್ ಕಡೆಗೆ ಸುತ್ತಲೂ ಹುಡುಕಬೇಕು. ಆಮೇಲೆ ಫಿಲೆಟ್ ಒರೆಸಿ ಮ್ಯಾಗ್ನೆಟಿಕ್ ಯೋಕ್ (ಎರಡು ಕಾಲಿನ ವಿದ್ಯುತ್ ಕಾಂತ) ಹಿಡಿದು ಕಬ್ಬಿಣದ ಪುಡಿ ಹಾಕಬೇಕು, ಬಿರುಕಿದ್ದಲ್ಲಿ ಪುಡಿ ಕೂಡುತ್ತದೆ. ಯೋಕಿನ ಎರಡು ಕಾಲು ಶಾಫ್ಟಿನ ಉದ್ದಕ್ಕೆ ಇರಬೇಕು, ಯಾಕೆಂದರೆ ಬಿರುಕು ಸುತ್ತಳತೆಯ ದಿಕ್ಕಿನಲ್ಲಿರುತ್ತದೆ, ಕಾಂತಕ್ಷೇತ್ರ ಅದನ್ನು ಅಡ್ಡ ಹಾಯಬೇಕು. ಅಡ್ಡಡ್ಡ ಹಿಡಿದರೆ ಪುಡಿ ಕೂಡುವುದೇ ಇಲ್ಲ. ಎಸಿ ಯೋಕ್ 4.5 ಕಿಲೋ ಉಕ್ಕಿನ ತುಂಡು ಎತ್ತುತ್ತದೆಯೋ ಇಲ್ಲವೋ ಎಂದು ಮೊದಲು ನಿಮ್ಮ ಕಣ್ಣೆದುರೇ ಎತ್ತಿ ತೋರಿಸಲಿ.

ಇನ್ನೊಂದು. ತುಂಡಾದ ಮುಖದ ಫೋಟೋ ಇದೆಯಾ? ಆ ತುಂಡನ್ನು ದಯವಿಟ್ಟು ಗುಜರಿಗೆ ಹಾಕಬೇಡಿ.


ಘಟಪ್ರಭಾ_ಫಿಟ್ಟರ್ · ಜೂನ್ 11

ಹಾಕಿಲ್ರಿ, ಸ್ಟೋರ್ ಹಿಂದ ತಾಡಪತ್ರಿ ಮುಚ್ಚಿ ಇಟ್ಟೀನಿ. ಇವತ್ತ ಡೀಸೆಲ್ ಹಚ್ಚಿ ಸಾವಕಾಶ ತೊಳದು ನೋಡಿದೆ.

ಮುಖ ಎರಡು ನಮೂನಿ ಐತಿ. ಮೂರರಾಗ ಎರಡು ಪಾಲು ನುಣ್ಣಗ, ಮೂರರಾಗ ಒಂದು ಪಾಲು ಹರಳು ಹರಳಾಗಿ. ನುಣ್ಣನ ಭಾಗದಾಗ ಬಳೀ ಬಳೀ ಗೆರಿ ಅದಾವು. ಬ್ಯಾಸಗ್ಯಾಗ ಘಟಪ್ರಭಾ ನೀರು ಇಳಿದಂಗ ದಂಡಿಗೆ ಗೆರಿ ಬಿಡತೈತಲ್ರಿ, ಹಂಗ. ಅದರಾಗ ಮೂರು ಗೆರಿ ಕರ್ರಗ, ತುಕ್ಕು ಹಿಡದು ದಪ್ಪ ಆಗ್ಯಾವು. ಮ್ಯಾಲಿನ ಅಂಚಿನಿಂದ ಟೇಪ್ ಹಿಡದೆ: ಒಂದು 22 ಮಿಮೀ, ಎರಡನೇದು 38, ಮೂರನೇದು 90. 22ಕ್ಕಿಂತ ಮ್ಯಾಲಿಂದೆಲ್ಲಾ ಉಜ್ಜಿ ಉಜ್ಜಿ ಕನ್ನಡಿ ಆಗೈತಿ, ಏನೂ ಓದಾಕ ಬರೂದಿಲ್ಲ.


ಹಳೇ_ಮಿಲ್_ಮಿಸ್ತ್ರಿ · ಜೂನ್ 11

ನಾ ಜಮಖಂಡಿ ಕಡಿಯಂವ, ರಿಟೈರ್ ಆಗೇನಿ. ನಮ್ಮ ಕಾಲಕ್ಕ ಈ ಯಂತ್ರ ಇರಲಿಲ್ಲ. ಸುತ್ತಿಗಿಲೆ ಬಡದು ಸಪ್ಪಳ ಕೇಳ್ತಿದ್ವಿ. ಚಲೋ ಶಾಫ್ಟು ಗಂಟಿ ಹೊಡದಂಗ ಉಲೀತೈತಿ, ಸೀಳಿದ್ದು ಬೊದ್ದು ಅಂತೈತಿ. ಎರಡು ಶಾಫ್ಟು ನಾ ಹಂಗ ಹಿಡದೀನಿ. ಈಗಿನವರು ವರದಿ ನೋಡ್ತಾರ, ಶಾಫ್ಟು ಮುಟ್ಟೂದಿಲ್ಲ. ಅದಕ್ಕ ನೋವಾಗತೈತಿ.


ಉದ್ಯಮಬಾಗ_ಯುಟಿ · ಜೂನ್ 12

ಮಿಸ್ತ್ರಿಯವರೇ, ನಿಮ್ಮ ಕಿವಿಗೆ ನನ್ನ ನಮಸ್ಕಾರ. ರೈಲ್ವೆಯಲ್ಲೂ ಗಾಲಿಗೆ ಸುತ್ತಿಗೆ ಬಡಿದು ಕೇಳುವ ಪದ್ಧತಿ ಬಹಳ ವರ್ಷ ಇತ್ತು. ಆದರೆ ಸಪ್ಪಳ ಬದಲಾಗುವುದು ಬಿರುಕು ಬಹಳ ದೊಡ್ಡದಾದ ಮೇಲೆ. ಬೇರಿಂಗ್ ಮೇಲೆ ಕೂತ, ಶೆಲ್ ಹೊತ್ತ ಶಾಫ್ಟಿನಲ್ಲಿ 10 ಮಿಮೀ ಬಿರುಕು ಕಿವಿಗೆ ಸಿಗುವುದಿಲ್ಲ. ನಮಗೆ ಬೇಕಾದದ್ದು ಆ 10 ಮಿಮೀ.


ವಿಜಯಪುರ_ಮೆಕ್ಯಾನಿಕಲ್ · ಜೂನ್ 14

ವಿಜಯಪುರದಲ್ಲಿ ಯಂತ್ರಶಾಸ್ತ್ರ ಕಲಿಸುತ್ತೇನೆ. ಫಿಟ್ಟರ್ ಅವರೇ, ನೀವು ಟೇಪ್ ಹಿಡಿದು ಬರೆದ ಆ ಮೂರು ಸಂಖ್ಯೆಗಳು ಯಾವ ಪ್ರಯೋಗಾಲಯವೂ ನಿಮಗೆ ಕೊಡಲಾರದ ಮಾಹಿತಿ. ಎರಡು ದಿನ ಅದರ ಮೇಲೇ ಕೂತಿದ್ದೆ.

ಮೊದಲು ಮೂಲ ವಿಷಯ. ಶಾಫ್ಟು ತಿರುಗುವಾಗ ಅದರ ಮೈಯ ಒಂದು ಬಿಂದು ಒಮ್ಮೆ ಎಳೆತಕ್ಕೆ, ಒಮ್ಮೆ ಅದುಮುವಿಕೆಗೆ ಬರುತ್ತದೆ. ಒಂದು ಸುತ್ತು, ಒಂದು ಆವರ್ತ. ಮಿನಿಟಿಗೆ 5 ಸುತ್ತು ಅಂದರೆ ದಿನಕ್ಕೆ 7,200, 150 ದಿನಕ್ಕೆ 10 ಲಕ್ಷ 80 ಸಾವಿರ. ಮಿಲ್ ಎಷ್ಟು ನಿಧಾನ ತಿರುಗಿದರೂ ಹತ್ತು ಹಂಗಾಮಿಗೆ ಒಂದು ಕೋಟಿ ದಾಟುತ್ತದೆ. 1842ರಲ್ಲಿ ಫ್ರಾನ್ಸಿನ ವರ್ಸೈ ಹತ್ತಿರ ಎಂಜಿನ್ನಿನ ಅಚ್ಚು ಮುರಿದು ರೈಲು ಉರುಳಿ ಹತ್ತಾರು ಜನ ಸತ್ತರು. ಆ ನಂತರದ ದಶಕಗಳಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳನ್ನೇ ತಿರುಗಿಸಿ ತಿರುಗಿಸಿ, ಯಾವ ಒತ್ತಡಕ್ಕೆ ಎಷ್ಟು ಸುತ್ತು ತಾಳುತ್ತದೆ ಎಂದು ದಾಖಲಿಸಿದ. ಉಕ್ಕಿಗೆ ಒಂದು ಕೆಳಮಿತಿ ಇದೆ, ಅದಕ್ಕಿಂತ ಕಡಿಮೆ ಒತ್ತಡದಲ್ಲಿ ಅದು ದಣಿಯುವುದಿಲ್ಲ ಎಂದು ನಾವು ಪಾಠ ಮಾಡುವುದು ಅಲ್ಲಿಂದ ಬಂದದ್ದು. ಆದರೆ ಅದು ಒಣ ಗಾಳಿಯ ಮಾತು. ಕಬ್ಬಿನ ಹುಳಿರಸ ಸದಾ ಜಿನುಗುವ ಫಿಲೆಟ್ಟಿನಲ್ಲಿ ಆ ಕೆಳಮಿತಿಯನ್ನು ನಂಬಿ ಕೂರಬಾರದು.

ಈಗ ನಿಮ್ಮ ಉಂಗುರಗಳು. ಹಂಗಾಮು ಮುಗಿದು ಶಾಫ್ಟು ಆರು-ಏಳು ತಿಂಗಳು ನಿಂತಾಗ ಬಿರುಕಿನೊಳಗೆ ರಸ, ನೀರು ಕೂತು ತುಕ್ಕು ಹಿಡಿಯುತ್ತದೆ. ಮುಂದಿನ ಹಂಗಾಮಿಗೆ ಬಿರುಕು ಮುಂದೆ ಹೋಗುತ್ತದೆ, ಆ ಕಪ್ಪು ಗೆರೆ ಉಳಿಯುತ್ತದೆ. ಅಂದರೆ ಮೂರು ಹಂಗಾಮಿನ ಹಿಂದೆ ಬಿರುಕು 22 ಮಿಮೀ ಇತ್ತು, ಮರುವರ್ಷ 38, ಅದರ ಮರುವರ್ಷ 90. ಸೆಪ್ಟೆಂಬರಿನಲ್ಲಿ 'ಬಳಕೆಗೆ ಯೋಗ್ಯ' ಎಂದು ಬರೆದಾಗ ಅಲ್ಲಿ 90 ಮಿಮೀ ಆಳದ ಬಿರುಕು ಕೂತಿತ್ತು.

1963ರಲ್ಲಿ ಪಾಲ್ ಪ್ಯಾರಿಸ್ ಮತ್ತು ಫಜಿಲ್ ಎರ್ದೋಗನ್ ಪ್ರಕಟಿಸಿದ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಿರುಕಿನ ತುದಿಯಲ್ಲಿ ಒತ್ತಡ ಎಷ್ಟು ತೀವ್ರವಾಗಿ ಏರಿಳಿಯುತ್ತದೆ ಎನ್ನುವುದಕ್ಕೆ ಒಂದು ಅಳತೆ ಇದೆ. ಅದು ಎಳೆತದ ಒತ್ತಡಕ್ಕೂ, ಬಿರುಕಿನ ಆಳದ ವರ್ಗಮೂಲಕ್ಕೂ ಅನುಗುಣ. ನಿಮ್ಮ ಶಾಫ್ಟಿನಂಥ ಸಾಧಾರಣ ಇಂಗಾಲದ ಉಕ್ಕಿನಲ್ಲಿ ಪ್ರತಿ ಸುತ್ತಿಗೆ ಬಿರುಕು ಬೆಳೆಯುವುದು ಆ ತೀವ್ರತೆಯ ಘನಕ್ಕೆ ತಕ್ಕಂತೆ. ತೀವ್ರತೆ ಒಂದು ಮೆಗಾಪಾಸ್ಕಲ್-ರೂಟ್-ಮೀಟರ್ ಆದಾಗ 6.9 ಪಿಕೋಮೀಟರ್ ಎಂಬ ಗುಣಾಂಕವನ್ನು ಸಾಮಾನ್ಯವಾಗಿ ಹಿಡಿಯುತ್ತಾರೆ. ಅರ್ಧವೃತ್ತದ ಬಿರುಕು ಎಂದುಕೊಂಡು ಆಕಾರದ ಗುಣಾಂಕ 0.7 ಇಟ್ಟೆ.

ಸಾಮಾನ್ಯವಾಗಿ ಒತ್ತಡ ಗೊತ್ತಿರುತ್ತದೆ, ಬೆಳವಣಿಗೆ ಹುಡುಕುತ್ತೇವೆ. ನಾನು ಉಲ್ಟಾ ಮಾಡಿದೆ. 22ರಿಂದ 38ಕ್ಕೆ ಒಂದು ಹಂಗಾಮಿನಲ್ಲಿ ಹೋಗಬೇಕಾದರೆ ಒತ್ತಡ 61 ಮೆಗಾಪಾಸ್ಕಲ್ ಇರಬೇಕು. 38ರಿಂದ 90ಕ್ಕೆ ಹೋಗಲು 63. ಎರಡೂ ಹತ್ತಿರ ಹತ್ತಿರ ಬಂದದ್ದು ನೋಡಿ ನನಗೇ ರೋಮಾಂಚನ ಆಯಿತು. ಇದರಲ್ಲಿ ರಸದ ತುಕ್ಕು, ತಿರುಚುವ ಬಲ, ಕಬ್ಬು ಒಮ್ಮೆಲೇ ತುರುಕಿದಾಗಿನ ಏಟು ಎಲ್ಲವೂ ಸೇರಿಹೋಗಿದೆ. ಆದ್ದರಿಂದ ಇದನ್ನು ನಿಜವಾದ ಒತ್ತಡ ಎನ್ನದೆ ನಿಮ್ಮ ಮಿಲ್ಲಿನ 'ಪರಿಣಾಮಿ ಒತ್ತಡ' ಎನ್ನೋಣ. 62 ಹಿಡಿದರೆ:

5 ಮಿಮೀ ಬಿರುಕು 10 ಆಗಲು 366 ದಿನ, ಸುಮಾರು ಎರಡೂವರೆ ಹಂಗಾಮು. 10 ಮಿಮೀ 20 ಆಗಲು 259 ದಿನ. 20 ಮಿಮೀ 40 ಆಗಲು 183 ದಿನ. 40 ದಾಟಿದ ಮೇಲೆ ಈ ಸರಳ ಲೆಕ್ಕವನ್ನು ನಾನು ನಂಬುವುದಿಲ್ಲ. ಉಳಿದ ಉಕ್ಕು ಕಡಿಮೆಯಾದಂತೆ ಆಕಾರದ ಗುಣಾಂಕವೇ ಏರುತ್ತದೆ. ನಿಮ್ಮದು 90ರಿಂದ 75 ದಿನದಲ್ಲಿ ಮುರಿದೇ ಹೋಯಿತು.

10 ಮಿಮೀ ಇದ್ದಾಗ ಒಂದು ಸುತ್ತಿಗೆ ಬಿರುಕು ಬೆಳೆಯುವುದು 3 ನ್ಯಾನೋಮೀಟರ್, ಅಂದರೆ ಕಬ್ಬಿಣದ ಹತ್ತು-ಹನ್ನೆರಡು ಪರಮಾಣುಗಳ ಸಾಲಿನಷ್ಟು. ಅದೇ ವೇಗ ಹಿಡಿದರೂ ಒಂದು ಹಂಗಾಮಿಗೆ ಮೂರು ಮಿಲಿಮೀಟರಿಗೂ ಹೆಚ್ಚು.


ಕಬ್ಬಿನ_ಹೊಲ · ಜೂನ್ 14

ನಾ ರೈತ. ಲೆಕ್ಕ ಪೂರ್ತಿ ತಿಳೀಲಿಲ್ಲ, ಆದ್ರ ಎಲ್ಲಾ ಓದಿದೆ. ಜನವರಿಯೊಳಗ ನನ್ನ ನಾಕು ಟ್ರೇಲಿ ಕಬ್ಬು ಒಂದು ಕಾರ್ಖಾನಿ ಯಾರ್ಡಿನ್ಯಾಗ ಮೂರು ದಿನ ನಿಂತು ಒಣಗಿತ್ತು. ನಿಮ್ಮದ ಏನೋ ಮತ್ತೊಂದೋ ಗೊತ್ತಿಲ್ಲ. ಕಡದ ಕಬ್ಬು ದಿನಾ ತೂಕ ಕಳಕೋತೈತಿ, ಒಳಗಿನ ಸಕ್ಕರಿನೂ ಇಳೀತೈತಿ. ಕಟಾವು ಗ್ಯಾಂಗು ಹೊಲದಾಗ ಕೂತ್ರ ಅವರ ಊಟದ ಖರ್ಚೂ ನಮ್ದ. ಇದೆಲ್ಲಾ ಒಂದು ಸೀಳಿನಿಂದ ಅಂತ ಇವತ್ತ ತಿಳೀತು. ದಯಮಾಡಿ ಇದನ್ನ ಅರ್ಧಕ್ಕ ಬಿಡಬ್ಯಾಡ್ರಿ.


ಹತ್ತರಗಿ_ಇನ್‌ಸ್ಪೆಕ್ಟರ್ · ಜೂನ್ 15

ನಾನು ಹತ್ತರಗಿ ಕಡೆ ವಿಮಾನದ ಬಿಡಿಭಾಗಗಳ ತಪಾಸಣೆ ಮಾಡುವವನು. ಬಣ್ಣದ ದ್ರವವನ್ನು ಬಿರುಕಿನೊಳಗೆ ಇಳಿಸಿ ನೋಡುವ ಪೆನೆಟ್ರಂಟ್ ಪರೀಕ್ಷೆ ನನ್ನ ದಿನನಿತ್ಯದ ಕೆಲಸ. ಕೆಲಸಕ್ಕೆ ಸೇರಿದಾಗ ನಮಗೆ ಮೊದಲು ಹೇಳಿಕೊಟ್ಟ ಘಟನೆ ಇಲ್ಲಿ ಹೇಳಲೇಬೇಕು.

1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ 232 ಎಂಬ ಡಿಸಿ-10 ವಿಮಾನ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ಎಂಜಿನ್ನಿನ ಟೈಟಾನಿಯಂ ಫ್ಯಾನ್ ಡಿಸ್ಕ್ ಒಡೆದಿತ್ತು. ಆ ಡಿಸ್ಕಿಗೆ 18,000 ಹಾರಾಟದ ಆಯುಷ್ಯ ನಿಗದಿ ಇತ್ತು, ಒಡೆದದ್ದು 15,503ರಲ್ಲಿ. ಒಡೆಯುವ 760 ಹಾರಾಟ ಮೊದಲು ಅದಕ್ಕೆ ಫ್ಲೋರೆಸೆಂಟ್ ಪೆನೆಟ್ರಂಟ್ ಪರೀಕ್ಷೆ ಆಗಿ ಪಾಸಾಗಿತ್ತು. ಆಗಲೇ ಅದರಲ್ಲಿ ಸುಮಾರು ಅರ್ಧ ಇಂಚಿನ ಬಿರುಕು ಇತ್ತು ಎಂದು ತನಿಖೆ ಹೇಳಿತು.

ಅದಕ್ಕೇ ನಮ್ಮಲ್ಲಿ 'ಎಷ್ಟು ಚಿಕ್ಕ ಬಿರುಕು ಕಾಣುತ್ತದೆ' ಎಂದು ಕೇಳುವುದಿಲ್ಲ. 'ಎಷ್ಟು ದೊಡ್ಡ ಬಿರುಕು ತಪ್ಪಿಹೋಗಬಹುದು' ಎಂದು ಕೇಳುತ್ತಾರೆ. ಇದಕ್ಕೆ ಪತ್ತೆಯ ಸಂಭವ ಎಂಬ ಅಳತೆ ಇದೆ. ಒಂದೇ ಗಾತ್ರದ ಬಿರುಕು ಇರುವ 29 ತುಂಡುಗಳನ್ನು ಕೊಟ್ಟಾಗ 29ಕ್ಕೆ 29 ಹಿಡಿದರೆ ಮಾತ್ರ, ಆ ಗಾತ್ರವನ್ನು ನೂರಕ್ಕೆ ತೊಂಬತ್ತು ಸಲ ಹಿಡಿಯುತ್ತೇನೆಂದು 95ರಷ್ಟು ಭರವಸೆಯಿಂದ ಹೇಳಬಹುದು. ಒಂದು ತಪ್ಪಿದರೂ ಆ ಮಾತು ಹೇಳುವ ಹಾಗಿಲ್ಲ. ಆಯುಷ್ಯದ ಲೆಕ್ಕ ಶುರು ಮಾಡಬೇಕಾದ್ದು ಈ ಗಾತ್ರದಿಂದ. 'ಏನೂ ಕಾಣಲಿಲ್ಲ' ಎಂಬ ವರದಿ ಬಂದರೆ ಬಿರುಕು ಸೊನ್ನೆ ಎಂದು ಹಿಡಿಯಬಾರದು.


ಬಿಇ_ಕೊನೇ_ವರ್ಷ_ಬಾಗಲಕೋಟೆ · ಜೂನ್ 16

ಸರ್, ಬಿರುಕು ಹುಟ್ಟೋಕ್ಕಿಂತ ಮೊದಲೇ ದಣಿವನ್ನು ಅಳೆಯೋಕೆ ಆಗಲ್ವಾ? ಬಾರ್ಕ್‌ಹೌಸೆನ್ ಶಬ್ದ, ಎಕ್ಸ್-ರೇ ಡಿಫ್ರಾಕ್ಷನ್ ಅಂತ ಓದಿದೀನಿ. ಅದರ ಮೇಲೆ ಪ್ರಾಜೆಕ್ಟ್ ಮಾಡೋ ಆಸೆ ಇದೆ.


ವಿಜಯಪುರ_ಮೆಕ್ಯಾನಿಕಲ್ · ಜೂನ್ 16

ಒಳ್ಳೆಯ ಪ್ರಶ್ನೆ, ಕಷ್ಟದ ಪ್ರಶ್ನೆ. ನುಣುಪಾದ ಭಾಗಗಳಲ್ಲಿ ಆಯುಷ್ಯದ ಬಹುಪಾಲು ಬಿರುಕು ಹುಟ್ಟುವುದರಲ್ಲೇ ಕಳೆಯುತ್ತದೆ, ಆಗ ಅಲ್ಟ್ರಾಸಾನಿಕ್‌ಗೆ ಕಾಣಲು ಏನೂ ಇರುವುದಿಲ್ಲ. ಹೈನ್ರಿಶ್ ಬಾರ್ಕ್‌ಹೌಸೆನ್ 1919ರಲ್ಲಿ ಕಂಡದ್ದು ಇಷ್ಟು: ಉಕ್ಕನ್ನು ಕಾಂತಗೊಳಿಸುವಾಗ ಅದರೊಳಗಿನ ಕಾಂತವಲಯಗಳು ಸರಾಗವಾಗಿ ಸರಿಯದೆ ಜಿಗಿಯುತ್ತವೆ, ಆ ಜಿಗಿತವನ್ನು ಸುರುಳಿಯಲ್ಲಿ ಸದ್ದಾಗಿ ಕೇಳಬಹುದು. ದಣಿವು ಉಕ್ಕಿನ ಒಳರಚನೆಯನ್ನೂ ಉಳಿಕೆ ಒತ್ತಡವನ್ನೂ ಬದಲಿಸುವುದರಿಂದ ಆ ಸದ್ದು ಬದಲಾಗುತ್ತದೆ. ತೊಂದರೆ ಏನೆಂದರೆ ಗಡಸುತನ, ಗ್ರೈಂಡಿಂಗಿನ ಬಿಸಿ, ಶಾಖೋಪಚಾರ ಇವೂ ಅದೇ ಸದ್ದನ್ನು ಬದಲಿಸುತ್ತವೆ. ಹೊಸದಿದ್ದಾಗ ಅದೇ ಜಾಗದಲ್ಲಿ ಅಳೆದ ದಾಖಲೆ ಇದ್ದರೆ ಹೋಲಿಕೆಗೆ ಉಪಯೋಗ. ಇಪ್ಪತ್ತು ವರ್ಷದ ಶಾಫ್ಟಿಗೆ ಇವತ್ತು ಒಮ್ಮೆ ಹಿಡಿದು ಆಯುಷ್ಯ ಹೇಳಲು ಆಗದು. ಪ್ರಾಜೆಕ್ಟ್ ಖಂಡಿತ ಮಾಡು, ಆದರೆ ಹೊಸ ಶಾಫ್ಟಿನಿಂದ ಶುರು ಮಾಡು.


ಫಿಟ್ಟರ್‌ನ_ಗೆಳೆಯ_ಟರ್ನರ್ · ಜೂನ್ 18

ಉದ್ಯಮಬಾಗದಾಗ ದೊಡ್ಡ ಲೇತ್ ನಡಸ್ತೀನಿ, ರೋಲರ್ ಶಾಫ್ಟು ನನ್ನ ಕೈಮ್ಯಾಲೆ ಬಾಳ ಹೋಗ್ಯಾವು. ಎಲ್ಲಾರೂ ಪರೀಕ್ಷೆ ಮಾತಾಡಾಕತ್ತೀರಿ, ಸೀಳು ಹುಟ್ಟೂದು ನಮ್ಮ ಟೂಲಿನ ತುದ್ಯಾಗ. ಡ್ರಾಯಿಂಗ್‌ನ್ಯಾಗ ಫಿಲೆಟ್ 40 ಮಿಮೀ ಅಂತ ಇರತೈತಿ. ಬೇರಿಂಗ್ ಅಂಚು ತಾಗತೈತಿ ಅಂತ ಯಾರೋ 10 ಮಾಡ್ರಿ ಅಂತಾರ. ಮಾಡಿ ಕೊಡ್ತಾರ. 18 ಇಂಚಿನ ಜರ್ನಲ್ಲಿಗೆ 10 ಮಿಮೀ ಫಿಲೆಟ್ ಇದ್ರ ಆ ಮೂಲ್ಯಾಗ ಒತ್ತಡ ಎರಡು ಪಟ್ಟಿಗೂ ಮಿಕ್ಕಿ ಏರತೈತಿ. 40 ಇದ್ರ ಒಂದೂವರಿ ಪಟ್ಟಿನ ಆಸುಪಾಸು. ಮತ್ತ ಫಿಲೆಟ್ಟಿನ್ಯಾಗ ಟೂಲ್ ಗೆರಿ ಉಳೀಬಾರದು, ಎಮರಿ ಹಚ್ಚಿ ಉದ್ದುದ್ದಕ ಉಜ್ಜಿ ಪಾಲಿಶ್ ಮಾಡಬೇಕು. ಸುತ್ತಲೂ ಉಜ್ಜಿದ್ರ ಗೆರಿ ಸೀಳಿನ ದಿಕ್ಕಿಗೇ ಬೀಳತೈತಿ.

ಕೈ ಮುಗದು ಹೇಳ್ತೀನಿ, ಸವದ ಜರ್ನಲ್ಲಿಗೆ ವೆಲ್ಡಿಂಗ್ ತುಂಬಿಸಬ್ಯಾಡ್ರಿ. ಈ ಉಕ್ಕಿನ್ಯಾಗ ಕಾರ್ಬನ್ ಜಾಸ್ತಿ, ವೆಲ್ಡಿನ ಪಕ್ಕದ ಉಕ್ಕು ಗಾಜಿನಂಗ ಗಡಸು ಆಗತೈತಿ, ಒಳಗ ಎಳೆತ ಕೂತ್ಕೋತೈತಿ. ವೆಲ್ಡ್ ಮಾಡಿದ್ದ ಶಾಫ್ಟು ಒಂದು ಹಂಗಾಮಿನ್ಯಾಗ ಹೋಗಿದ್ದು ನಾ ನೋಡೀನಿ.


ಘಟಪ್ರಭಾ_ಫಿಟ್ಟರ್ · ಆಗಸ್ಟ್ 22

ತಡ ಆತು, ಕ್ಷಮಿಸ್ರಿ. ಈ ಸಲ ಎಲ್ಲಾ ಕಪ್ಲಿಂಗ್ ಬಿಚ್ಚಿಸಿದೆ, ಬೇರಿಂಗ್ ಎತ್ತಿಸಿದೆ. ಅದಕ್ಕ ನಾಕು ದಿನ ಹೆಚ್ಚಿಗೆ ಹಿಡೀತು, ಮ್ಯಾಲಿನವರ ಜೊತಿ ಜಗಳಾನೂ ಆತು. ಉದ್ಯಮಬಾಗ_ಯುಟಿ ಅವರ ಹೇಳಿದ ಕ್ರಮದಾಗ ಬ್ಯಾರೆ ತಂಡದಿಂದ ಪರೀಕ್ಷೆ ಮಾಡಿಸಿದೆ.

ಹನ್ನೊಂದು ಶಾಫ್ಟಿನ್ಯಾಗ ಏನೂ ಸಿಗಲಿಲ್ಲ. ಎರಡನೇ ಮಿಲ್ಲಿನ ಟಾಪ್ ರೋಲರಿನ್ಯಾಗ ಸಿಕ್ಕತಿ. ಮತ್ತ ಡ್ರೈವ್ ಕಡಿ ಫಿಲೆಟ್. ಮ್ಯಾಗ್ನೆಟಿಕ್ ಪುಡಿ ಒಂದು ಕೂದಲ ಗೆರಿಯಂಗ ಕೂಡಿತು, 70 ಮಿಮೀ ಉದ್ದ. ಆ್ಯಂಗಲ್ ಪ್ರೋಬಿನ್ಯಾಗ ಆಳ 12 ಮಿಮೀ ಅಂದ್ರು. ಆ ಗೆರಿ ನೋಡಿ ಎದಿ ಝಲ್ ಅಂತು. ಹೋದ ವರ್ಷ ಇದಕ್ಕೂ 'ಯೋಗ್ಯ' ಅಂತ ಬಂದಿತ್ತು.

ಈ ಹಂಗಾಮು ನಡಸಬಹುದಾ? ಹೊಸ ಶಾಫ್ಟಿನ ಫೋರ್ಜಿಂಗ್ ಬರಾಕ ತಿಂಗಳಗಟ್ಲೆ ಬೇಕು. ಕೈಯಾಗಿದ್ದ ಒಂದ ಸ್ಪೇರ್ ಜನವರಿಯೊಳಗ ಖರ್ಚಾತು.


ಉದ್ಯಮಬಾಗ_ಯುಟಿ · ಆಗಸ್ಟ್ 22

12 ಅಂದರೆ 12 ಎಂದು ಹಿಡಿಯಬೇಡಿ. ಕಾರ್ಖಾನೆಯ ನೆಲದ ಮೇಲೆ ಆಳದ ಅಳತೆಯಲ್ಲಿ 3 ಮಿಮೀ ಆಚೀಚೆ ಸಹಜ. 15 ಎಂದೇ ಲೆಕ್ಕ ಹಾಕಿ. ಪ್ರೋಬ್, ಗೇನ್ (ಎಕೋವನ್ನು ಎಷ್ಟು ಹಿಗ್ಗಿಸಿದರು ಎಂಬುದು), ಪ್ರೋಬ್ ಕೆಳಗೆ ಹಚ್ಚಿದ ಎಣ್ಣೆ, ಪ್ರೋಬ್ ಇಟ್ಟ ಜಾಗ ಎಲ್ಲವನ್ನೂ ಬರೆಸಿಟ್ಟುಕೊಳ್ಳಿ. ಸ್ಕ್ರೀನಿನ ಫೋಟೋ ತೆಗೆಸಿ. ಜರ್ನಲ್ ಮೇಲೆ ಪಂಚ್ ಗುರುತು ಹೊಡೆಯಬೇಡಿ, ಅದೇ ಇನ್ನೊಂದು ಬಿರುಕಿಗೆ ಬೀಜ. ಶಾಫ್ಟಿನ ಕೊನೆಯ ಮುಖದ ಮೇಲೆ ಗಡಿಯಾರದ ಲೆಕ್ಕದಲ್ಲಿ ದಿಕ್ಕು ಗುರುತು ಮಾಡಿ.

ಫಿಲೆಟ್ಟನ್ನು ಗ್ರೈಂಡರಿನಿಂದ ಉಜ್ಜಿ 'ಸ್ವಚ್ಛ' ಮಾಡಿಸಬೇಡಿ. ಉಜ್ಜಿದಾಗ ಲೋಹ ಸವರಿಕೊಂಡು ಬಿರುಕಿನ ಬಾಯಿ ಮುಚ್ಚುತ್ತದೆ. ಆಮೇಲೆ ಪೆನೆಟ್ರಂಟ್ ಹಾಕಿದರೆ ಏನೂ ಕಾಣುವುದಿಲ್ಲ, ಬಿರುಕು ಹೋಯಿತು ಎಂದು ಎಲ್ಲರೂ ಸಮಾಧಾನ ಪಡುತ್ತಾರೆ.


ವಿಜಯಪುರ_ಮೆಕ್ಯಾನಿಕಲ್ · ಆಗಸ್ಟ್ 23

ನಿಮ್ಮದೇ ಹಳೇ ಶಾಫ್ಟಿನಿಂದ ಸಿಕ್ಕ 62 ಮೆಗಾಪಾಸ್ಕಲ್ ಹಿಡಿದು, 15 ಮಿಮೀನಿಂದ ಶುರು ಮಾಡಿದರೆ ಈ ಹಂಗಾಮಿನ ಕೊನೆಗೆ 24 ಮಿಮೀ. ಮುಂದಿನದರ ಕೊನೆಗೆ 44. ಮೂರನೆಯದರಲ್ಲಿ ನೂರು ದಾಟುತ್ತದೆ, ಅಷ್ಟರೊಳಗೆ ಮುರಿದಿರುತ್ತದೆ. 40ರ ಆಚೆ ಹೋಗಲು ಬಿಡಬಾರದು ಎಂದುಕೊಂಡರೆ 15ರಿಂದ 40ಕ್ಕೆ ಸುಮಾರು 280 ದಿನ ಇದೆ. ಆದರೆ ಅಷ್ಟೂ ದಿನವನ್ನು ಬಳಸಿಕೊಳ್ಳುವುದು ಲೆಕ್ಕ ತಪ್ಪಾಗುವುದಿಲ್ಲ ಎಂಬ ಅಹಂಕಾರ. ಒತ್ತಡ ನಾನು ಹಿಡಿದದ್ದಕ್ಕಿಂತ ನೂರಕ್ಕೆ ಇಪ್ಪತ್ತು ಹೆಚ್ಚಿದ್ದರೆ ಬೆಳವಣಿಗೆ 1.7 ಪಟ್ಟು, 280 ದಿನ ನೂರಾ ಅರವತ್ತಕ್ಕೆ ಇಳಿಯುತ್ತದೆ. ಆದ್ದರಿಂದ ಆ ಅವಧಿಯಲ್ಲಿ ಕನಿಷ್ಠ ಮೂರು ಸಲ ನೋಡುವ ಅವಕಾಶ ಇರಬೇಕು. ಅಂದರೆ ಸುಮಾರು 75 ದಿನಕ್ಕೊಮ್ಮೆ ಮಿಲ್ ನಿಲ್ಲಿಸಿ ಆ ಫಿಲೆಟ್ ನೋಡಲೇಬೇಕು.

ಇನ್ನೊಂದು ಕೈಯಲ್ಲಿರುವ ದಾರಿ: ಆ ಮಿಲ್ಲಿನ ಟಾಪ್ ರೋಲರನ್ನು ಅದುಮುವ ಹೈಡ್ರಾಲಿಕ್ ಒತ್ತಡ ಶೇಕಡಾ 10 ಇಳಿಸಿ. ಬಾಗಿಸುವ ಬಲ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ, ಘನದ ನಿಯಮದಿಂದ ಬೆಳವಣಿಗೆ ಶೇಕಡಾ 27 ಇಳಿಯುತ್ತದೆ.

ಆಡಳಿತಕ್ಕೆ ಬರೆಯುವಾಗ 'ಇಷ್ಟು ಹಂಗಾಮು ಬರುತ್ತದೆ' ಎಂದು ಬರೆಯಬೇಡಿ. 'ಇಂತಿಷ್ಟು ದಿನದೊಳಗೆ ಮತ್ತೆ ನೋಡಬೇಕು, ಇಷ್ಟು ಮಿಮೀ ಕಂಡರೆ ತೆಗೆಯಬೇಕು' ಎಂದು ಬರೆಯಿರಿ. ಪರೀಕ್ಷೆಯಿಂದ ಪ್ರಾಮಾಣಿಕವಾಗಿ ಹೇಳಬಹುದಾದ ಆಯುಷ್ಯ ಅಷ್ಟೇ.


ಘಟಪ್ರಭಾ_ಫಿಟ್ಟರ್ · ಆಗಸ್ಟ್ 23

ಹೈಡ್ರಾಲಿಕ್ ಇಳಿಸಿದ್ರ ರಸ ಪೂರ್ತಿ ಬರೂದಿಲ್ಲ, ಹಿಂಡಿದ ಸಿಪ್ಪಿ ಬಗಾಸಿನ್ಯಾಗ ಸಕ್ಕರಿ ಉಳೀತೈತಿ ಅಂತ ಕೆಮಿಸ್ಟ್ ಸಾಹೇಬ್ರು ಒಪ್ಪೂದಿಲ್ರಿ. ಕೇಳಿ ನೋಡ್ತೀನಿ. ಇದ ಜರ್ನಲ್ ಲೇತಿಗೆ ಹಾಕಿ ಸೀಳು ಕೆತ್ತಿ ತಗದ್ರ ಹೆಂಗ?


ಫಿಟ್ಟರ್‌ನ_ಗೆಳೆಯ_ಟರ್ನರ್ · ಆಗಸ್ಟ್ 24

3-4 ಮಿಮೀ ಇದ್ದಿದ್ರ ನಾನ ಮೊದಲ ಹೇಳ್ತಿದ್ದೆ. ಫಿಲೆಟ್ ದೊಡ್ಡದು ಮಾಡಿ ಸೀಳು ಕೆತ್ತಿ, ಮತ್ತ ಮ್ಯಾಗ್ನೆಟಿಕ್ ಹಾಕಿ ನೋಡಿ ಕೊಟ್ಟಿರತಿದ್ದೆ. 12-15 ಅಂದ್ರ ವ್ಯಾಸದಾಗ 24-30 ಮಿಮೀ ಹೋಗತೈತಿ. ಹೊಸಾ ಬೇರಿಂಗ್ ಬೇಕು. ಸರ್, ಒತ್ತಡ ಎಷ್ಟು ಏರತೈತಿ?


ವಿಜಯಪುರ_ಮೆಕ್ಯಾನಿಕಲ್ · ಆಗಸ್ಟ್ 24

457 ಇದ್ದದ್ದು 433 ಆದರೆ ಒತ್ತಡ ನೂರಕ್ಕೆ ಹದಿನೇಳೂವರೆ ಏರುತ್ತದೆ, ವ್ಯಾಸದ ಘನಕ್ಕೆ ವಿಲೋಮ ಅದು. ಬಿರುಕು ಪೂರ್ತಿ ಹೋಗಿದೆ ಎಂಬ ಖಾತ್ರಿ ಇದ್ದರೂ ನನಗೆ ಧೈರ್ಯ ಸಾಲದು. ಟರ್ನರ್ ಅವರ ಮಾತೇ ಸರಿ.


ಘಟಪ್ರಭಾ_ಫಿಟ್ಟರ್ · ಸೆಪ್ಟೆಂಬರ್ 30

ತೀರ್ಮಾನ ಆತು. ಹೊಸ ಶಾಫ್ಟಿಗೆ ಆರ್ಡರ್ ಹೋತು, ಫಿಲೆಟ್ 40 ಅಂತ ಕೆಂಪು ಪೆನ್ನಿನ್ಯಾಗ ನಾನ ಬರದೀನಿ. ಹಳೇದು ಈ ಹಂಗಾಮು ನಡೀತೈತಿ, 75ನೇ ದಿನಕ್ಕ ನಿಲ್ಲಿಸಿ ನೋಡೂದು. ಹೈಡ್ರಾಲಿಕ್ 10 ಕೇಳಿದ್ದೆ, 5 ಕೊಟ್ರು. 25 ಮಿಮೀ ಕಂಡ್ರ ಅವತ್ತ ತಗಿಯೂದು ಅಂತ ಸಹಿ ಆಗೈತಿ. ಹಳೇ_ಮಿಲ್_ಮಿಸ್ತ್ರಿ ಅವರಿಗೆ ಒಂದು ಮಾತು: ನಮ್ಮ ಹುಡುಗ್ರಿಗೆ ವಾರಕ್ಕೊಮ್ಮೆ ಜರ್ನಲ್ ಮುಟ್ಟಿ ನೋಡಾಕ ಹಚ್ಚೀನಿ.


ಹಳೇ_ಮಿಲ್_ಮಿಸ್ತ್ರಿ · ಸೆಪ್ಟೆಂಬರ್ 30

ಸಂತೋಷ ಆತು ತಮ್ಮಾ.


ಘಟಪ್ರಭಾ_ಫಿಟ್ಟರ್ · ಜನವರಿ 17

ಇವತ್ತ 75ನೇ ದಿನ. ಮುಂಜಾನಿ 6ಕ್ಕ ಮಿಲ್ ನಿಲ್ಲಿಸಿ ಮಧ್ಯಾಹ್ನ 3ಕ್ಕ ಸುರು ಮಾಡಿದ್ವಿ. ಅದ ತಂಡ, ಅದ ಪ್ರೋಬ್, ಅದ ಗೇನ್. ಆಳ 15 ಮಿಮೀ, ಪುಡಿ ಗೆರಿ 70 ಇದ್ದದ್ದು 78 ಆಗೈತಿ. 12ರಿಂದ 15. ಸರ್ ಲೆಕ್ಕ ಬರೋಬ್ಬರಿ ಬಂತು ಅಲ್ರಿ?


ಉದ್ಯಮಬಾಗ_ಯುಟಿ · ಜನವರಿ 17

ಆಳದ 3 ಮಿಮೀ ವ್ಯತ್ಯಾಸ ನಮ್ಮ ಅಳತೆಯ ದೋಷದೊಳಗೇ ಇದೆ, ಅದರ ಮೇಲೆ ಲೆಕ್ಕ ಸರಿಯಾಯಿತು ಎನ್ನಲಾಗದು. ಪುಡಿ ಗೆರೆ 8 ಮಿಮೀ ಉದ್ದ ಆದದ್ದನ್ನು ಹೆಚ್ಚು ನಂಬುತ್ತೇನೆ. ಬಿರುಕು ಬೆಳೆಯುತ್ತಿದೆ, ಓಡುತ್ತಿಲ್ಲ. ಈಗ 15 ಎಂದರೆ 18 ಎಂದು ಹಿಡಿಯಿರಿ.


ವಿಜಯಪುರ_ಮೆಕ್ಯಾನಿಕಲ್ · ಜನವರಿ 18

18 ಹಿಡಿದರೆ ಉಳಿದ 75 ದಿನಕ್ಕೆ 23 ಆಗುತ್ತದೆ. ನೀವು ಸಹಿ ಮಾಡಿಸಿದ 25ರ ಒಳಗೇ ಇದೆ, ಆದರೆ ಅಂಚಿನಲ್ಲಿದೆ. ಫೆಬ್ರವರಿ ಕೊನೆಗೆ ಇನ್ನೊಮ್ಮೆ ನಿಲ್ಲಿಸಿ ನೋಡಿ ಎಂದು ನನ್ನ ಕಳಕಳಿಯ ವಿನಂತಿ.


ಘಟಪ್ರಭಾ_ಫಿಟ್ಟರ್ · ಜನವರಿ 18

ಬರದ ಕೊಟ್ಟೆ. ಫೆಬ್ರವರಿ 26, ಮುಂಜಾನಿ 6ರಿಂದ 3ರ ತನಕ.


ಕಬ್ಬಿನ_ಹೊಲ · ಜನವರಿ 18

26 ಅಂತ ಗ್ಯಾಂಗಿನವರಿಗೆ ಇವತ್ತ ಹೇಳಿ ಇಡ್ತೀನಿ. ಹಿಂದಿನ ದಿನ ಕಟಾವು ಮಾಡಸೂದಿಲ್ಲ.